ಎರಡು ಜಿಲ್ಲೆಗೆ ಸೇರಿದ ನಮ್ಮ ಚಕ್ಕೋತದ ತೋಟ

ನಮ್ಮ ತೋಟ ಎರಡು ಜಿಲ್ಲೆಯಲ್ಲಿದೆ. ದಕ್ಷಿಣದ ಕಡೆ ಚಕ್ಕೋತದ ಮರಗಳು. ಅದು ದೇವನಹಳ್ಳಿ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ಉತ್ತರದ ಕಡೆ ದ್ರಾಕ್ಷಿ ಚಪ್ಪರ. ಅದು ಚಿಕ್ಕಬಳ್ಳಾಪುರ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ. ಮಧ್ಯೆ ಇರುವುದು ಒಂದು ಬದು, ಅದರ ಪಕ್ಕ ಹಳೇ ಗಾಡಿ ಜಾಡು, ಅಷ್ಟೇ. ಬಾವಿ ಒಂದೇ, ಪಂಪ್‌ಸೆಟ್ ಒಂದೇ, ಕೆಲಸಕ್ಕೆ ಬರುವ ಹೆಣ್ಣಾಳುಗಳೂ ಅದೇ ಜನ, ಬೆಳಿಗ್ಗೆ ಒಂದು ಜಿಲ್ಲೆಯಲ್ಲಿ ಕಳೆ ಕಿತ್ತು ಮಧ್ಯಾಹ್ನ ಇನ್ನೊಂದು ಜಿಲ್ಲೆಯ ಹುಣಸೆ ಮರದ ಕೆಳಗೆ ಊಟಕ್ಕೆ ಕೂರುತ್ತಾರೆ. ನಾವು ಮಕ್ಕಳಾಗಿದ್ದಾಗ ಇದು ನಮಗೆ ಗೊತ್ತೇ ಇರಲಿಲ್ಲ. ತೋಟ ಅಂದರೆ ತೋಟ.

ತಾತ ತೀರಿಕೊಂಡು ಬಹಳ ವರ್ಷವಾಗಿತ್ತು. ಪಹಣಿ, ಅಂದರೆ ಜಮೀನಿನ ದಾಖಲೆ, ಮಾತ್ರ ಅವರ ಹೆಸರಲ್ಲೇ ಉಳಿದಿತ್ತು. ಕಂದಾಯ ಕಟ್ಟುತ್ತಿದ್ದೆವು, ಬೆಳೆ ತೆಗೆಯುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ದೊಡ್ಡಪ್ಪನೂ ಹೋದ ಮೇಲೆ ಅಪ್ಪ ಒಂದು ದಿನ ಕೂರಿಸಿಕೊಂಡು ಹೇಳಿದರು, "ನಾನಿರುವಾಗಲೇ ಇದನ್ನ ಸರಿ ಮಾಡಿಬಿಡು. ಆಮೇಲೆ ನಿಮಗೆ ಯಾವ ಕಲ್ಲು ಎಲ್ಲಿದೆ ಅಂತಾನೂ ಗೊತ್ತಾಗಲ್ಲ." ಅವರು ಹೇಳಿದ್ದು ಸರಿ ಅಂತ ಮುಂದೆ ಪ್ರತಿ ಹೆಜ್ಜೆಯಲ್ಲೂ ಅನ್ನಿಸಿತು. ಸತ್ತವರ ಹೆಸರಲ್ಲಿ ಪಹಣಿ ಇದ್ದರೆ ಬೆಳೆ ಸಾಲ ಇಲ್ಲ, ಹನಿ ನೀರಾವರಿ ಸಬ್ಸಿಡಿ ಇಲ್ಲ, ಬೆಳೆ ಪರಿಹಾರ ಬಂದರೆ ಯಾರ ಖಾತೆಗೂ ಬೀಳುವುದಿಲ್ಲ. ಹಾಗಾಗಿ ಪೌತಿ ಖಾತೆ ಮಾಡಿಸುವುದು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದು, ಆಮೇಲೆ ತಾತನ ಮೂರು ಮಕ್ಕಳ ಕಡೆಗೂ ವಿಭಾಗ ಮಾಡಿಸಿ ಪೋಡಿ ಮಾಡಿಸುವುದು, ಅಂದರೆ ಅಳೆದು ಬೇರೆ ಬೇರೆ ನಂಬರ್ ಮಾಡಿಸುವುದು ಅಂತ ಶುರು ಮಾಡಿದೆವು. ಇದು ಒಂದೇ ಜಿಲ್ಲೆಯ ಕೆಲಸವಾಗಿದ್ದರೆ ಇಷ್ಟು ಬರೆಯಬೇಕಾಗಿಯೇ ಇರಲಿಲ್ಲ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ವಂಶವೃಕ್ಷ. ತಾತನ ಮರಣ ಪ್ರಮಾಣ ಪತ್ರ, ದೊಡ್ಡಪ್ಪನದ್ದು, ಎಲ್ಲರ ಆಧಾರ್, ಒಂದು ಅಫಿಡವಿಟ್, ಊರಿನ ಸಾಕ್ಷಿಗಳು. ಇಷ್ಟು ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಅರ್ಜಿ ಹಾಕಿದರೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ನಮ್ಮ ಮನೆ ಇರುವುದು ದೇವನಹಳ್ಳಿ ಕಡೆ, ಹಾಗಾಗಿ ಅಲ್ಲೇ ಮಾಡಿಸಿದೆವು. ಅಪ್ಪನ ಜೊತೆ ಹುಟ್ಟಿದ ಅತ್ತೆಯ ಹೆಸರು ಬರೆಸುವಾಗ ಊರಿನ ಒಬ್ಬ ಹಿರಿಯರು, "ಹೆಣ್ಣುಮಕ್ಕಳದ್ದು ಯಾಕಪ್ಪಾ, ಹಕ್ಕು ಬಿಡುಗಡೆ ಬರೆಸಿಕೊಂಡರೆ ಆಯ್ತಲ್ಲ" ಅಂದರು. ಅಪ್ಪ ಒಪ್ಪಲಿಲ್ಲ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕಾನೂನು ಬಂದಿದೆ. ಕಾನೂನು ಇರಲಿ ಬಿಡಿ, ಆ ತೋಟದ ಬಗ್ಗೆ ನಮ್ಮಲ್ಲಿ ಯಾರಿಗಾದರೂ ಪೂರ್ತಿ ಗೊತ್ತಿದ್ದರೆ ಅದು ಅತ್ತೆಗೆ. ಮದುವೆಯಾಗಿ ಹೋಗುವ ತನಕ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುವ ಎತ್ತಿನ ಹಿಂದೆ ಓಡಾಡಿದವರು ಅವರು.

ದೇವನಹಳ್ಳಿ ಕಡೆಯ ಅರ್ಜಿ ಸಲೀಸಾಗಿ ಹೋಯಿತು. ನೋಟಿಸ್ ಅಂಟಿಸಿದರು, ತಕರಾರು ಬರಲಿಲ್ಲ, ಮ್ಯುಟೇಶನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ, ಆಯಿತು. ಚಿಕ್ಕಬಳ್ಳಾಪುರ ಕಡೆ ಕೌಂಟರ್‌ನಲ್ಲಿದ್ದವರು ನಮ್ಮ ವಂಶವೃಕ್ಷ ನೋಡಿ, "ಇದು ಬೇರೆ ಜಿಲ್ಲೆದು, ನಮ್ಮ ಹೋಬಳಿಯದ್ದು ತನ್ನಿ" ಅಂದುಬಿಟ್ಟರು. ತಾತ ಆ ಹೋಬಳಿಯಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ, ಅಲ್ಲಿನ ಅಧಿಕಾರಿ ಹೇಗೆ ತಾನೆ ವರದಿ ಕೊಡುತ್ತಾರೆ? ವಾದ ಮಾಡದೆ ನೇರವಾಗಿ ಶಿರಸ್ತೇದಾರರ ಹತ್ತಿರ ಹೋದೆವು. ಅವರು ಪತ್ರದ ಮೇಲಿನ ಆರ್‌ಡಿ ನಂಬರ್ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದರು, ಅಸಲಿ ಅಂತ ಖಾತ್ರಿಯಾಯಿತು, ತಗೊಳ್ಳಿ ಅಂತ ಅರ್ಜಿಯ ಮೇಲೆ ಬರೆದುಕೊಟ್ಟರು. ಇಂಥ ತೊಂದರೆಯಲ್ಲಿ ಇರುವವರಿಗೆ ಹೇಳುತ್ತಿದ್ದೇನೆ, ನಾಡಕಚೇರಿ ಕೊಡುವ ಪತ್ರದ ನಂಬರನ್ನು ಎಲ್ಲಿ ಬೇಕಾದರೂ ಪರಿಶೀಲಿಸಬಹುದು. ತಾಲ್ಲೂಕು ಬದಲಾದರೆ ಪತ್ರದ ಬೆಲೆ ಹೋಗುವುದಿಲ್ಲ. ಕೌಂಟರ್‌ನಲ್ಲಿ ಆಗಲ್ಲ ಅಂದರೆ ಅಲ್ಲಿಗೇ ನಿಲ್ಲಿಸಬೇಡಿ.

ಇಷ್ಟು ಮಾಡುವಾಗಲೇ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಈ ತೋಟ ನಮ್ಮದಾಗಿದ್ದು ಹೇಗೆ, ಎರಡು ಜಿಲ್ಲೆಗೆ ಸೇರಿದ್ದು ಹೇಗೆ ಅಂತ ಒಂದು ಕಡೆ ಬರೆದಿಡಬೇಕು ಅಂತ. ಹೇಗಿದ್ದರೂ ಕಾಗದ ತೆಗೆಸಬೇಕಲ್ಲ, ಬೇಕಾದ್ದಕ್ಕಿಂತ ಹಿಂದಿನದ್ದೂ ತೆಗೆಸೋಣ ಅಂತ ತೀರ್ಮಾನಿಸಿದೆ.

ನಮ್ಮ ಕಡೆ 2000ದ ಸುಮಾರಿಗೆ ಭೂಮಿ ತಂತ್ರಾಂಶ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಅದಕ್ಕೂ ಹಿಂದಿನದ್ದೆಲ್ಲ ಕೈಬರಹ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ನಕಲು ತೆಗೆಸಬೇಕು. ಆ ಹಾಳೆಗಳನ್ನು ಕೈಯಲ್ಲಿ ಹಿಡಿದಾಗ ನನಗಾದ ಖುಷಿ ಹೇಳಲಾರೆ. ಅಗಲವಾದ ಹಾಳೆ, ಅಂಚು ಪುಡಿಯಾಗಿದೆ, ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಅರವತ್ತರ ದಶಕದ ಮೊದಲ ಕೆಲವು ವರ್ಷ ಒಂದೇ ಕೈಬರಹ, ದುಂಡಗೆ, ಒತ್ತಕ್ಷರಗಳನ್ನು ಉದ್ದಕ್ಕೆ ಎಳೆದು ಬರೆದದ್ದು. ಅದು ಶಾನುಭೋಗರದ್ದು. ಆಮೇಲೆ ತಟಕ್ಕನೆ ಬರಹ ಬದಲಾಗುತ್ತದೆ. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎಲ್ಲ ಹೋಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದರಲ್ಲ, ಅದು ನಮ್ಮ ಪಹಣಿಯಲ್ಲಿ ಕಣ್ಣಿಗೆ ಕಾಣುವ ಹಾಗಿದೆ. ಮರಗಳ ಕಾಲಂನಲ್ಲಿ ಶಾನುಭೋಗರು ಬರೆದಿದ್ದಾರೆ: "ಮಾವು 6, ಚಕ್ಕೋತ 31". ಹೊಸ ಲೆಕ್ಕಿಗರು ಬಂದ ಮೇಲೆ ಆ ಕಾಲಂ ಖಾಲಿ. ಮರ ಇದ್ದವು. ಬರೆಯುವವರಿರಲಿಲ್ಲ.

ಚಕ್ಕೋತದ ಕಡೆಯ ಜಮೀನು ಮೊದಲು ಇನಾಮಿನದ್ದು, ಅಂದರೆ ಹಿಂದೆ ಸರ್ಕಾರ ಬೇರೆಯವರಿಗೆ ಉಂಬಳಿಯಾಗಿ ಕೊಟ್ಟದ್ದು. ಮುತ್ತಾತ ಅದರ ಗೇಣಿದಾರರು. 1954ರ ಇನಾಂ ರದ್ದಿಯಾತಿ ಕಾಯ್ದೆ ಬಂದ ಮೇಲೆ ಅವರ ಹೆಸರಿಗೆ ಆಯಿತು. ಆದೇಶದ ಪ್ರತಿಯಲ್ಲಿ ಜಮೀನಿನ ವಿವರ ಮೂರು ಸಾಲು ಮಾತ್ರ ಇದೆ, ಆದರೆ "ಬಾವಿ ಸಹಿತ, ಮರವಳಿ ಸಹಿತ" ಅಂತ ಸ್ಪಷ್ಟವಾಗಿದೆ. ಅಂದರೆ ಗೇಣಿಯಲ್ಲಿದ್ದಾಗಲೇ ಮುತ್ತಾತ ಬಾವಿ ತೋಡಿ ಮರ ಇಟ್ಟಿದ್ದರು. ನಾಳೆ ಯಾವಾಗ ಬೇಕಾದರೂ ಬಿಡಿಸಬಹುದಾದ ಜಮೀನಿನಲ್ಲಿ, ಫಲ ಕೊಡಲು ವರ್ಷಗಟ್ಟಲೆ ತೆಗೆದುಕೊಳ್ಳುವ ಗಿಡ! ಅತ್ತೆ ಹೇಳುವ ಪ್ರಕಾರ ಗಿಡ ಬಂದದ್ದು ದೇವನಹಳ್ಳಿ ಪೇಟೆಯ ಒಂದು ಮನೆಯ ಹಿತ್ತಿಲಿನಿಂದ, ಗೂಟಿ ಕಟ್ಟಿ, ಅಂದರೆ ಮರದ ಕೊಂಬೆಯಲ್ಲೇ ಬೇರು ಬರಿಸಿ, ತಂದದ್ದು. ಬೀಜದಿಂದ ಬೆಳೆಸಿದರೆ ಹಣ್ಣು ಹೇಗೆ ಬರುತ್ತೋ ಗ್ಯಾರಂಟಿ ಇಲ್ಲ, ಗೂಟಿಯಾದರೆ ತಾಯಿ ಮರದ ಹಣ್ಣೇ. ನಮ್ಮ ಕಡೆಯ ಚಕ್ಕೋತ ತಿಂದವರಿಗೆ ಗೊತ್ತು, ಎರಡೂ ಕೈಯಲ್ಲಿ ಹಿಡಿಯಬೇಕಾದ ಗಾತ್ರ, ಹೆಬ್ಬೆರಳು ಪೂರ್ತಿ ಇಳಿಯುವಷ್ಟು ದಪ್ಪ ಸಿಪ್ಪೆ, ಒಳಗೆ ತಿಳಿ ಗುಲಾಬಿ ಬಣ್ಣದ ತೊಳೆ. ಬೇರೆ ಕಡೆಯದ್ದರಲ್ಲಿರುವ ಕಹಿ ಇದರಲ್ಲಿಲ್ಲ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕ (ಜಿಐ ಗುರುತು) ಸಿಕ್ಕಿರುವುದು ಸುಮ್ನೆ ಅಲ್ಲ.

ದ್ರಾಕ್ಷಿ ಕಡೆಯದ್ದು ತಾತ 1968ರಲ್ಲಿ ಕ್ರಯಕ್ಕೆ ಕೊಂಡದ್ದು. ಆಗ ರಾಜ್ಯದ ಹೆಸರು ಮೈಸೂರು, ಜಿಲ್ಲೆ ಕೋಲಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ 2004ರಿಂದ ಈಚೆಗೆ ಆನ್‌ಲೈನ್‌ನಲ್ಲಿ ಬರುತ್ತದೆ, ಅದಕ್ಕೂ ಹಿಂದಿನದ್ದಕ್ಕೆ ದಪ್ಪ ಇಂಡೆಕ್ಸ್ ಪುಸ್ತಕ ತೆಗೆಸಿ ಹುಡುಕಿಸಬೇಕು. ಕ್ರಯಪತ್ರ ಸಿಕ್ಕಿತು. ಅದರ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಓದಿ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ: "ಪೂರ್ವಕ್ಕೆ ಗಾಡಿ ದಾರಿ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ನಮಗೆ ಉಳಿದ ಜಮೀನು, ದಕ್ಷಿಣಕ್ಕೆ ದೇವನಹಳ್ಳಿ ತಾಲ್ಲೂಕು ಗಡಿ ಕಲ್ಲು ಮತ್ತು ಅದಕ್ಕೆ ಹೊಂದಿದಂತೆ ನಿಮ್ಮ ಚಕ್ಕೋತದ ತೋಟ." ಈ ಕೊನೆಯ ಸಾಲು ಮುಂದೆ ನಮ್ಮನ್ನು ಉಳಿಸಿತು, ಅದಕ್ಕೆ ಬರುತ್ತೇನೆ.

ಮಾರಿದವರಿಗೆ ಆ ಜಮೀನು ಹೇಗೆ ಬಂತು ಅಂತ ನೋಡಲು ಹೋದಾಗ ಗಡಿಯ ನಿಜವಾದ ಕಷ್ಟ ಅರ್ಥವಾಯಿತು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತಲ್ಲ, ತಾಲ್ಲೂಕು ಕಚೇರಿಯಲ್ಲಿದ್ದ ಪುಸ್ತಕಗಳು ಅಲ್ಲೇ ಉಳಿದವು. ಆದರೆ ನಮಗೆ ಬೇಕಾಗಿದ್ದು ಜಿಲ್ಲಾ ಮಟ್ಟದ ಹಳೇ ಆದೇಶ. ಚಿಕ್ಕಬಳ್ಳಾಪುರದಲ್ಲಿ ಕೇಳಿದರೆ ವರ್ಗಾವಣೆಯಾದ ಕಡತಗಳ ಪಟ್ಟಿಯಲ್ಲಿ ಇಲ್ಲ ಅಂದರು. ಕೋಲಾರಕ್ಕೆ ಹೋದೆವು. ಅಲ್ಲಿನ ರೆಕಾರ್ಡ್ ರೂಮಿನವರು ಒಳ್ಳೆಯವರು, ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಿ ಕೊಟ್ಟರು. ದೇವನಹಳ್ಳಿ ಕಡೆಯದ್ದಕ್ಕೂ ಇದೇ ಥರದ ಓಟ. ನಮ್ಮ ಜಿಲ್ಲಾ ಕಚೇರಿ ಅನ್ನುವುದೇ ಜಾಗ ಬದಲಿಸಿದೆ. 1986ಕ್ಕೆ ಮೊದಲು ಬೆಂಗಳೂರು ಒಂದೇ ಜಿಲ್ಲೆ. ಆಮೇಲೆ ನಗರ, ಗ್ರಾಮಾಂತರ ಅಂತ ಎರಡಾಯಿತು, ಆದರೂ ಗ್ರಾಮಾಂತರದ ಕಚೇರಿ ಬಹಳ ಕಾಲ ಬೆಂಗಳೂರಿನ ವಿಶ್ವೇಶ್ವರಯ್ಯ ಗೋಪುರದ ಹತ್ತಿರವೇ ಇತ್ತು. ಈಗ ನಮ್ಮ ತಾಲ್ಲೂಕಿನ ಬೀರಸಂದ್ರದಲ್ಲಿದೆ. ಉಪವಿಭಾಗಾಧಿಕಾರಿ ಕೂರುವುದು ದೊಡ್ಡಬಳ್ಳಾಪುರದಲ್ಲಿ. ಹಳೇ ಕಾಗದ ಬೇಕಾದವರು ಮೊದಲು ಆ ವರ್ಷದಲ್ಲಿ ತಮ್ಮ ಊರು ಯಾವ ಜಿಲ್ಲೆಯಲ್ಲಿತ್ತು, ಆ ಜಿಲ್ಲೆಯ ಕಚೇರಿ ಎಲ್ಲಿತ್ತು ಅಂತ ಬರೆದಿಟ್ಟುಕೊಂಡು ಹೊರಡುವುದು ಒಳ್ಳೆಯದು.

ಈಗಂತೂ ಹೆಸರೂ ಬದಲು. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸಂಪುಟ ಸಭೆ ನಡೆಸಿ ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಅಂತ ಹೆಸರಿಡುವ ತೀರ್ಮಾನ ಮಾಡಿದರು. ನಮ್ಮ ತೋಟದಲ್ಲಿ ನಿಂತರೆ ಆ ಬೆಟ್ಟ ಕಾಣುತ್ತದೆ. ಹೆಸರು ಬಂದ ದಿನವೇ ಊರಿನಲ್ಲಿ ಮಾತು ಒಂದೇ, ಎಕರೆ ರೇಟು ಎಷ್ಟಾಗಬಹುದು ಅಂತ. ನನಗೆ ಅದು ಸಂಕಟವೇ ಆಯಿತು. ಗ್ರಾಮಾಂತರ ಅನ್ನುವ ಹೆಸರಲ್ಲಾದರೂ ಇಲ್ಲಿ ಬೇಸಾಯ ಇದೆ ಅಂತ ಒಪ್ಪಿಕೊಂಡ ಹಾಗಿತ್ತು.

ಮತದ ಗಡಿಯಂತೂ ಇನ್ನೊಂದೇ ಲೆಕ್ಕ. ಬೆಂಗಳೂರು ಗ್ರಾಮಾಂತರ ಅಂತ ಒಂದು ಲೋಕಸಭಾ ಕ್ಷೇತ್ರವಿದೆ, ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಅದರಲ್ಲಿಲ್ಲ. 2008ರ ಕ್ಷೇತ್ರ ವಿಂಗಡಣೆಯ ಪ್ರಕಾರ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿವೆ. ಹಾಗಾಗಿ ನಮ್ಮ ತೋಟಕ್ಕೆ ಜಿಲ್ಲಾಧಿಕಾರಿ ಇಬ್ಬರು, ಶಾಸಕರು ಇಬ್ಬರು, ಸಂಸದರು ಮಾತ್ರ ಒಬ್ಬರೇ. ಬರ ಬಂದರೆ ತಾಲ್ಲೂಕು ತಾಲ್ಲೂಕಾಗಿ ಘೋಷಣೆ ಮಾಡುತ್ತಾರೆ, ತೋಟಗಾರಿಕೆ ಇಲಾಖೆಯ ಗುರಿ ತಾಲ್ಲೂಕಿಗೆ ಇಷ್ಟು ಅಂತ ಬರುತ್ತದೆ. ಒಂದೇ ಪಂಪಿನ ನೀರು, ಒಂದು ಕಡೆಯ ಪೈಪಿಗೆ ಸಬ್ಸಿಡಿ ಸಿಕ್ಕಿ ಇನ್ನೊಂದು ಕಡೆಗೆ ಮುಂದಿನ ವರ್ಷ ಬನ್ನಿ ಅಂದದ್ದನ್ನು ನಾವೇ ಅನುಭವಿಸಿದ್ದೇವೆ. ಈ ಎರಡು ತುಂಡೂ ಒಟ್ಟಿಗೆ ಕಾಣುವುದು ಫ್ರೂಟ್ಸ್ ಐಡಿಯಲ್ಲಿ. ರೈತರ ಆಧಾರ್‌ಗೆ ಅವರ ಎಲ್ಲ ಸರ್ವೆ ನಂಬರ್ ಜೋಡಿಸುತ್ತಾರಲ್ಲ, ಅಲ್ಲಿ ಜಿಲ್ಲೆ ಬೇರೆಯಾದರೂ ರೈತ ಒಬ್ಬರೇ. ಪೌತಿ ಖಾತೆ ಆದ ಮೇಲೆ ಅಪ್ಪನ ಐಡಿಯಲ್ಲಿ ಎರಡೂ ಕಡೆಯದ್ದು ಒಂದರ ಕೆಳಗೊಂದು ಬಂದಾಗ ಅಪ್ಪನಿಗೆ ಮೊಬೈಲ್‌ನಲ್ಲಿ ತೋರಿಸಿದೆ, ಕನ್ನಡಕ ಹಾಕಿಕೊಂಡು ಸರ್ವೆ ನಂಬರ್ ಎರಡು ಸಲ ಓದಿದರು.

ಇನ್ನು ಸರ್ವೆ. ವಿಭಾಗ ಮಾಡಬೇಕೆಂದರೆ ಪಾಲುಗಳನ್ನು ತೋರಿಸುವ 11-ಇ ನಕ್ಷೆ ಬೇಕು, ಅದಕ್ಕೆ ಮೊದಲು ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ, ಮಾಡಿಸಿ ನಮ್ಮ ಗಡಿ ಗಟ್ಟಿ ಮಾಡಿಕೊಳ್ಳೋಣ ಅಂದುಕೊಂಡೆವು. ಸರ್ವೆಯರ್ ಅವರವರ ತಾಲ್ಲೂಕಿನ ಗ್ರಾಮ ಮಾತ್ರ ಅಳೆಯುತ್ತಾರೆ, ಹಾಗಾಗಿ ಎರಡು ಅರ್ಜಿ, ಎರಡು ಶುಲ್ಕ, ಬೇರೆ ಬೇರೆ ದಿನ. ಈಗಿನವರು ರೋವರ್ ತರುತ್ತಾರೆ, ಕೋಲಿನ ಮೇಲೆ ಬಿಳಿ ಡಬ್ಬಿ ಇಟ್ಟ ಹಾಗಿರುತ್ತದೆ, ಉಪಗ್ರಹದಿಂದ ಬಿಂದು ತೆಗೆದುಕೊಳ್ಳುತ್ತದೆ. ಆದರೆ ಹೋಲಿಸಿ ನೋಡಬೇಕಾದದ್ದು ಹಳೇ ಟಿಪ್ಪಣಿಯ ಜೊತೆ. ಟಿಪ್ಪಣಿ ಅಂದರೆ ಸರ್ವೆ ನಂಬರಿನ ಕೈ ನಕ್ಷೆ, ಪ್ರತಿ ಗೆರೆಯ ಪಕ್ಕ ಅಳತೆ ಚೈನು ಮತ್ತು ಆಣೆಯಲ್ಲಿ ಬರೆದಿರುತ್ತದೆ. ಒಂದು ಚೈನು 33 ಅಡಿ, ಅದಕ್ಕೆ 16 ಆಣೆ. ಒಂದು ಚೈನಿನ ಚೌಕ ಒಂದು ಗುಂಟೆ, 40 ಗುಂಟೆ ಸೇರಿದರೆ ಎಕರೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಇಲಾಖೆ ಶುರುವಾಗಿದ್ದು 1863ರಲ್ಲಿ, ಇವತ್ತಿಗೂ ನಮ್ಮ ಜಗಳ ತೀರುವುದು ಆ ಸರ್ವೆ ಹಾಕಿಕೊಟ್ಟ ಕ್ರಮದ ಮೇಲೆಯೇ.

ದೇವನಹಳ್ಳಿ ಕಡೆಯ ಸರ್ವೆಯರ್ ಅಳೆದು ಬದುವಿನ ತನಕ ಕಲ್ಲು ಗುರುತು ಹಾಕಿದರು. ಆಮೇಲೆ ಚಿಕ್ಕಬಳ್ಳಾಪುರ ಕಡೆಯವರು ಬಂದು ಗಾಡಿ ಜಾಡಿನ ಆಚೆಯಿಂದ ಅಳತೆ ಶುರು ಮಾಡಿದರು. ನೋಡಿದರೆ ಮಧ್ಯೆ ಉದ್ದಕ್ಕೆ ಒಂದು ಪಟ್ಟಿ ಯಾವ ಕಡೆಗೂ ಸೇರದೆ ಉಳಿಯಿತು. ಅಗಲ ಹೆಚ್ಚೇನಿಲ್ಲ. ಆದರೆ ನಮ್ಮ ಚಕ್ಕೋತದ ಉತ್ತರದ ಸಾಲು, ಇರುವುದರಲ್ಲೇ ಹಳೇ ಮರಗಳು, ಪೂರ್ತಿ ಆ ಪಟ್ಟಿಯಲ್ಲಿ! ಬೇಸಾಯ ನಮ್ಮದು, ನೀರು ನಮ್ಮದು, ಕಾಗದದಲ್ಲಿ ಆ ನೆಲ ದೇವನಹಳ್ಳಿಯಲ್ಲೂ ಇಲ್ಲ, ಚಿಕ್ಕಬಳ್ಳಾಪುರದಲ್ಲೂ ಇಲ್ಲ. ಪಕ್ಕದ ಜಮೀನು ಕೊಂಡಿದ್ದ ಬಡಾವಣೆಯವರಿಗೆ ಈ ಸುದ್ದಿ ಅದು ಹೇಗೆ ಮುಟ್ಟಿತೋ, ಅದು ಸರ್ಕಾರಿ ದಾರಿ ಇರಬೇಕು ಅಂತ ಬಾಯಿಮಾತಲ್ಲಿ ಹೇಳಲು ಶುರು ಮಾಡಿದರು. ಅವರಿಗೆ ರಸ್ತೆ ಬೇಕಿತ್ತು.

ನಾನು ಸಿಟ್ಟು ಮಾಡಿಕೊಂಡು ಕೂತಿದ್ದಾಗ ಅತ್ತೆ ಬಂದರು. ಟಿಪ್ಪಣಿ ನೋಡಿದರೆ ಅವರಿಗೆ ಅರ್ಥವಾಗುವುದಿಲ್ಲ. ಆದರೆ ಜಾಡಿನ ಮೇಲೆ ಸ್ವಲ್ಪ ದೂರ ನಡೆದು, ಬಾವಿ ದಿಣ್ಣೆಯನ್ನೂ ಹುಣಸೆ ಮರವನ್ನೂ ನೋಡಿ, "ಕಲ್ಲು ಇಲ್ಲೇ ಇತ್ತು ಕಣಪ್ಪಾ. ನಮ್ಮಪ್ಪ ಅದರ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊತಿದ್ರು. ಹೂಳು ಬಿದ್ದು ಮುಚ್ಚಿರಬೇಕು" ಅಂದರು. ಗುದ್ದಲಿ, ಹಾರೆ ತರಿಸಿದೆವು. ಮರದ ಬೇರು ಅಡ್ಡ ಬಂತು, ಬೇರು ಕಡಿಯದೆ ಪಕ್ಕದಿಂದ ಮಣ್ಣು ತೆಗೆಯುತ್ತ ಹೋದರು. ಮೊಣಕಾಲಿನ ಆಳಕ್ಕೆ ಹಾರೆ ಟಣ್ ಅಂತು. ಮೊದಲು ಯಾವುದೋ ಗುಂಡು ಕಲ್ಲು ಅಂದುಕೊಂಡರು. ಕೈಯಲ್ಲಿ ಮಣ್ಣು ಸವರಿ ನೀರು ಹಾಕಿ ತೊಳೆದಾಗ ತಲೆಯ ಮೇಲೆ ಉಳಿಯಲ್ಲಿ ಕೆತ್ತಿದ ಅಡ್ಡ ಗೆರೆ, ಉದ್ದ ಗೆರೆ ಕಂಡಿತು. ಬೇರು ಆ ಕಲ್ಲನ್ನು ಎರಡು ಕಡೆಯಿಂದ ತಬ್ಬಿಕೊಂಡಿತ್ತು. ಕಲ್ಲು ಅಲುಗಾಡಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಎರಡೂ ತಾಲ್ಲೂಕಿನ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಗೆ ಜಂಟಿ ಸರ್ವೆ ಮಾಡಿಕೊಡಿ ಅಂತ ಅರ್ಜಿ ಹಾಕಿದೆವು. 1968ರ ಕ್ರಯಪತ್ರದ ಚೆಕ್ಕುಬಂದಿ, ಎರಡೂ ಗ್ರಾಮದ ನಕ್ಷೆ, ಸಿಕ್ಕ ಕಲ್ಲಿನ ಫೋಟೊ ಎಲ್ಲ ಲಗತ್ತಿಸಿದೆವು. ಒಂದು ಕಚೇರಿ ಬೇಗ ಒಪ್ಪಿತು, ಇನ್ನೊಂದು ಕಚೇರಿಯಿಂದ ದಿನಾಂಕ ಸಿಗುವುದು ಬಹಳ ತಡವಾಯಿತು, ಪ್ರತಿ ಸಲವೂ ಅವರು ಒಪ್ಪಲಿ ಆಮೇಲೆ ನಾವು ಅನ್ನುವುದೇ ಉತ್ತರ. ಕೊನೆಗೆ ಇಬ್ಬರೂ ಸರ್ವೆಯರ್ ಒಂದೇ ದಿನ ಬಂದರು. ಸಿಕ್ಕ ಕಲ್ಲಿನಿಂದ ಹಳ್ಳದ ದಂಡೆಯ ಇನ್ನೊಂದು ಗಡಿ ಕಲ್ಲಿಗೆ ಗೆರೆ ಎಳೆದರು. ಎರಡು ಟಿಪ್ಪಣಿಯ ಅಳತೆಯೂ ಆ ಗೆರೆಗೆ ಕೂತವು. ಪಟ್ಟಿ ಅನ್ನುವುದೇ ಮಾಯವಾಯಿತು. ಗಡಿ ಕಲ್ಲು ಹೂತುಹೋಗಿದ್ದರಿಂದ ಹಿಂದಿನವರು ಯಾರೋ ಒಬ್ಬರು ಬದುವನ್ನೇ ಗಡಿ ಅಂತ, ಇನ್ನೊಬ್ಬರು ಜಾಡನ್ನೇ ಗಡಿ ಅಂತ ಗುರುತು ಮಾಡಿಕೊಂಡು ಬಂದಿದ್ದರು. ಮಹಜರು ಬರೆದು ಅಕ್ಕಪಕ್ಕದ ಹಿಡುವಳಿದಾರರ ಸಹಿ ಹಾಕಿಸಿದರು. ಬಡಾವಣೆಯವರ ಕಡೆಯಿಂದ ಬಂದವರೂ ಕಲ್ಲು ನೋಡಿ ಸಹಿ ಹಾಕಿ ಹೋದರು.

ಗೆರೆ ಹೋದ ಜಾಗ ನೋಡಿದರೆ ಆ ಹಳೇ ಸಾಲಿನ ಮರಗಳು ಚಿಕ್ಕಬಳ್ಳಾಪುರದ ಪಾಲಿಗೆ ಬಂದವು. ಕಲ್ಲಿನ ಪಕ್ಕದ ಮರದ ಬೇರು ಎರಡೂ ಜಿಲ್ಲೆಯಲ್ಲಿದೆ. ಇದರಿಂದ ನಮಗೆ ಒಂದು ಒಳ್ಳೆಯದೇ ಆಯಿತು ಅಂತ ನಾನು ನಂಬಿದ್ದೇನೆ. ಯಾಕೆ ಅಂದರೆ ದೇವನಹಳ್ಳಿ ಕಡೆಯ ಭೂಮಿಯ ಮೇಲೆ ಕಣ್ಣು ಜಾಸ್ತಿ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಅದರ ಸುತ್ತಲ ಪ್ರದೇಶಕ್ಕೆ ಬೇರೆಯೇ ಯೋಜನಾ ಪ್ರಾಧಿಕಾರ ಇದೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಯಾವ ಸರ್ವೆ ನಂಬರ್ ಹಸಿರು (ಬೇಸಾಯಕ್ಕೆ), ಯಾವುದು ಹಳದಿ (ಮನೆಗಳಿಗೆ) ಅನ್ನುವುದರ ಮೇಲೆ ಮರದ ಆಯುಸ್ಸು ನಿಂತಿದೆ. ಹಳದಿ ಆದ ಜಾಗದಲ್ಲಿ ನಾನು ಮಗುವಾಗಿದ್ದಾಗ ನೋಡಿದ್ದ ಚಕ್ಕೋತದ ತೋಪುಗಳು ಒಂದೂ ಉಳಿದಿಲ್ಲ, ಸೈಟುಗಳಾಗಿವೆ. ನಮ್ಮ ತಾಲ್ಲೂಕಿನದ್ದೇ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಅಂತ ನೋಟಿಫಿಕೇಶನ್ ಆದಾಗ ಆ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷ ದಾಟಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಅವರಲ್ಲೂ ದ್ರಾಕ್ಷಿ, ಮಾವು ಇಟ್ಟವರಿದ್ದರು. ಅವರು ಉಳಿಸಿಕೊಂಡದ್ದು ನಮಗೆಲ್ಲ ಧೈರ್ಯ ಕೊಟ್ಟಿದೆ. ಆ ದಿನ ಅಪ್ಪ ಊರಿಗೆಲ್ಲ ಹಣ್ಣು ಹಂಚಿದರು.

ಕೊನೆಯ ಕೆಲಸ ವಿಭಾಗ ಪತ್ರ. ಪತ್ರ ಬರೆಯುವವರು, "ಎರಡು ಜಿಲ್ಲೆ ಅಲ್ವಾ, ಎರಡು ಪತ್ರ ಮಾಡಿ" ಅಂದರು. ನಮಗೆ ಮನಸ್ಸಾಗಲಿಲ್ಲ. ಎರಡು ಪತ್ರ ಮಾಡಿದರೆ ತೋಟ ಅಧಿಕೃತವಾಗಿ ಎರಡಾಗುತ್ತದೆ, ಬಾವಿಯ ನೀರು ಎರಡೂ ಕಡೆಗೂ ಅನ್ನುವ ಮಾತು ಒಂದು ಪತ್ರದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಜಗಳ ಗ್ಯಾರಂಟಿ. ಪರಿಚಯದ ವಕೀಲರನ್ನು ಕೇಳಿದೆ. 1908ರ ನೋಂದಣಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಆಸ್ತಿಯ ಸ್ವಲ್ಪ ಭಾಗ ಇರುವ ಕಡೆಯ ಸಬ್ ರಿಜಿಸ್ಟ್ರಾರ್ ಹತ್ತಿರ ಪೂರ್ತಿ ಪತ್ರ ನೋಂದಾಯಿಸಬಹುದು, ಬೇರೆ ಜಿಲ್ಲೆಯದ್ದೂ ಸೇರಿದ್ದರೆ 65ನೇ ಸೆಕ್ಷನ್ ಪ್ರಕಾರ ಅವರೇ ಆ ಜಿಲ್ಲೆಗೆ ನಕಲು ಕಳಿಸುತ್ತಾರೆ ಅಂತ ಅವರು ಬರೆದುಕೊಟ್ಟರು. ಆ ಚೀಟಿ ಹಿಡಿದು ಹೋದೆವು. ಸ್ವಲ್ಪ ಹೊತ್ತು ಪುಸ್ತಕ ತಿರುವಿ ನೋಡಿ ಒಪ್ಪಿದರು. ಒಂದೇ ಪತ್ರ, ಎ ಷೆಡ್ಯೂಲ್ ದೊಡ್ಡಪ್ಪನ ಮಕ್ಕಳಿಗೆ, ಬಿ ಅಪ್ಪನಿಗೆ, ಸಿ ಅತ್ತೆಗೆ. ಬಾವಿ, ಪಂಪ್‌ಸೆಟ್, ಓಡಾಡುವ ದಾರಿ ಮೂವರಿಗೂ ಜಂಟಿ ಅಂತ ವಕೀಲರು ಒಂದು ಇಡೀ ಪ್ಯಾರಾ ಬರೆದರು. ಅತ್ತೆ ಕೇಳಿದ್ದು ಹಳೇ ಮರದ ಸಾಲು ಇರುವ ಭಾಗ. ಅದನ್ನೇ ಕೊಟ್ಟೆವು. ಸಹಿ ಹಾಕುವಾಗ ಅವರ ಕೈ ನಡುಗುತ್ತಿತ್ತು, ಬೆರಳು ಯಂತ್ರದ ಮೇಲೆ ಸರಿಯಾಗಿ ಕೂರಲಿಲ್ಲ, ಆಪರೇಟರ್ ಹುಡುಗಿ ತಾನೇ ಎದ್ದು ಬಂದು ಒರೆಸಿ ಒತ್ತಿಸಿದಳು.

ಪಹಣಿ ಈಗ ಮೂರು ಹೆಸರಲ್ಲಿ ಬಂದಿದೆ. ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಅತ್ತೆಯ ಸರ್ವೆ ನಂಬರಿಗೆ ನಾನೇ ನಿಂತು ಫೋಟೊ ತೆಗೆದು ಬೆಳೆ ಚಕ್ಕೋತ ಅಂತ ಹಾಕಿದೆ, ಮರದ ಸಂಖ್ಯೆಯನ್ನೂ ತುಂಬಿದೆ. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಕೆಲವು ವಾಲಿವೆ, ಈ ಸಲದ ಚಾಟನಿ (ಬಳ್ಳಿ ಸವರುವುದು) ಮುಗಿದ ಮೇಲೆ ದೊಡ್ಡಪ್ಪನ ಮಗ ಅದನ್ನು ನೆಟ್ಟಗೆ ಮಾಡಿಸುತ್ತಾನಂತೆ. ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಕ ಇದೆ, ಬಳ್ಳಿ ಕೀಳಿಸುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೇವೆ. ಅತ್ತೆ ಮಳೆಗಾಲಕ್ಕೆ ಹಳೇ ಸಾಲಿನ ಮರಗಳಿಗೆ ಗೂಟಿ ಕಟ್ಟಿಸಿದ್ದಾರೆ. ಬೇರು ಬಿಟ್ಟ ಮೇಲೆ ಒಂದಷ್ಟು ಅಪ್ಪನ ಪಾಲಿಗೆ, ಒಂದಷ್ಟು ದೊಡ್ಡಪ್ಪನ ಮಕ್ಕಳ ಪಾಲಿಗೆ, ಉಳಿದದ್ದು ಊರಲ್ಲಿ ಕೇಳಿದವರಿಗೆ ಕೊಡುವುದಾಗಿ ಹೇಳಿದ್ದಾರೆ. ದೇವನಹಳ್ಳಿ ಕಡೆಯಲ್ಲಿ ಜಾಗ ಇದ್ದು ಮರ ಇಡುವ ಮನಸ್ಸಿರುವವರು ಬಂದು ತೆಗೆದುಕೊಂಡು ಹೋಗಬಹುದು, ದುಡ್ಡು ಬೇಡ.